ಕಪ್ಪೆಗಳನ್ನೆಣಿಸಿದ ನಾಲ್ಕು ತಿಂಗಳು

ನಮ್ಮ ಕಾಲೇಜಿನಲ್ಲಿ ಎರಡು ವರ್ಷ ಓದಿ, ಮುಂದೆ ಅಮೆರಿಕದ ವಿಶ್ವವಿದ್ಯಾನಿಲಯವೊಂದರಲ್ಲಿ ಜೀವವಿಜ್ಞಾನದ ವ್ಯಾಸಂಗಕ್ಕೆ ಸೇರಿದ ವಿದ್ಯಾರ್ಥಿನಿಯೊಬ್ಬಳು ಕಳೆದ ಬೇಸಗೆಯಲ್ಲಿ ನಮ್ಮನ್ನು ಕಾಣಲು ಬಂದಿದ್ದಳು. ಅಲ್ಲಿಯ ವಿಶ್ವವಿದ್ಯಾನಿಲಯಗಳಲ್ಲಿ ಒಂದು ಸೆಮಿಸ್ಟರನ್ನು ಪರದೇಶದಲ್ಲಿ ಓದಿ ಬರುವ ವಿನಿಮಯ ಪದ್ಧತಿಯುಂಟು. ಅದರಂತೆ ಆಕೆ ಸುಮಾರು ನಾಲ್ಕು ತಿಂಗಳು ಮಧ್ಯ ಅಮೆರಿಕದ ಕೋಸ್ಟರೀಕ ದೇಶದಲ್ಲಿದ್ದು ಜೀವಿಪರಿಸರ ವಿಜ್ಞಾನವನ್ನೂ ವನ್ಯಜೀವಿ ಸಂರಕ್ಷಣೆಯನ್ನೂ ಅಭ್ಯಾಸಮಾಡಿದ್ದಳು. ಮೇಜಿನ ಮೇಲೆ ಒಂದು ಟಿಪ್ಪಣಿ ಪುಸ್ತಕವನ್ನಿಟ್ಟಳು. ಮಳೆಯ ತೇವದಿಂದ ಅದರ ಹಾಳೆಗಳು ಉಬ್ಬಿದ್ದುವು. ತಾರೀಖು, ವೇಳೆ, ಮಳೆ, ಚೌಕದ ಸಂಖ್ಯೆ, ಕಂಡ ಕಪ್ಪೆಗಳು ಎಂದು ಐದು ಕಲಮುಗಳು. ಕೊನೆಯ ಕಲಮಿನಲ್ಲಿ ಸೊನ್ನೆಗಳೇ ಹೆಚ್ಚು. ಅಲ್ಲೊಂದು ಇಲ್ಲೊಂದು ಕಡೆ 1, ಅಪರೂಪಕ್ಕೆ 2.

“ಅಷ್ಟು ದೂರ ಹೋಗಿ ಸೊನ್ನೆಗಳನ್ನು ಬರೆದುಕೊಂಡು ಬಂದೆ, ಸಾರ್” ಎಂದಳು. ನಗುತ್ತಲೇ ಹೇಳಿದಳಾದರೂ ಮಾತಿನಲ್ಲಿ ನಿರಾಶೆಯಿತ್ತು.

ಆ ಹೊತ್ತಿಗೆ ನಮಗೆ ಉತ್ತರ ತೋಚಲಿಲ್ಲ. ನಾವು ಭೌತವಿಜ್ಞಾನವನ್ನು ಬೋಧಿಸುವವರು. ಗಿಡಮರಗಳ ಶಾಸ್ತ್ರವೆಂದರೆ ಲ್ಯಾಟಿನ್ ಹೆಸರುಗಳನ್ನು ಬಾಯಿಪಾಠ ಮಾಡುವುದೆಂದು ಬಹುಕಾಲ ನಂಬಿದ್ದವರು. ಆದರೆ ಅಳತೆಯೆಂಬುದು ನಮಗೆ ಪರಿಚಿತವಾದ ವಿಷಯ. ಆಕೆಯ ಸೊನ್ನೆಗಳಿಗೆ ಬೆಲೆಯುಂಟೆ ಇಲ್ಲವೆ ಎಂಬುದನ್ನು ವಿಚಾರಿಸಲು ಹೊರಟು ನಾವು ಕಲಿತುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಲೋಲಕದ ಪ್ರಯೋಗವನ್ನು ವಾಚಕರಲ್ಲಿ ಅನೇಕರು ಮಾಡಿರಬಹುದು. ದಾರದ ಉದ್ದವನ್ನು ಬದಲಿಸುತ್ತ ಹೋಗುತ್ತೇವೆ. ಗುಂಡಿನ ತೂಕವನ್ನೂ ತೂಗಿನ ಅಗಲವನ್ನೂ ಹಾಗೆಯೇ ಇಟ್ಟಿರುತ್ತೇವೆ. ಎರಡು ಗಂಟೆಯೊಳಗೆ ಉತ್ತರ ಕೈಗೆ ಬರುತ್ತದೆ. ಕಾಡನ್ನು ಹೀಗೆ ಪ್ರಯೋಗಶಾಲೆಗೆ ತಂದು ನಿಲ್ಲಿಸುವಂತಿಲ್ಲ. ಮಳೆ, ಮಣ್ಣು, ನೆರಳು, ತಿನ್ನುವ ಪ್ರಾಣಿ, ತಿನ್ನಿಸಿಕೊಳ್ಳುವ ಪ್ರಾಣಿ ಎಲ್ಲವೂ ಏಕಕಾಲದಲ್ಲಿ ಬದಲಾಗುತ್ತಿರುತ್ತವೆ. ಆದುದರಿಂದ ವಿದ್ಯಾರ್ಥಿಯೇ ಕಾಡಿಗೆ ಹೋಗಬೇಕು. ಅದಕ್ಕಾಗಿ ಸಮುದ್ರ ದಾಟಿ ಕೋಸ್ಟರೀಕಕ್ಕೇ ಏಕೆ ಹೋಗಬೇಕೆಂದರೆ, ಭೂಮಧ್ಯರೇಖೆಯ ಕಡೆಗೆ ಸಾಗಿದಷ್ಟೂ ಜೀವಿಗಳ ವೈವಿಧ್ಯ ಹೆಚ್ಚುತ್ತದೆ. ಆ ದೇಶದ ವಿಸ್ತೀರ್ಣ ಸುಮಾರು 51,100 ಚದರ ಕಿಲೋಮೀಟರು. ನಮ್ಮ ಕರ್ನಾಟಕದ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅಷ್ಟರಲ್ಲಿಯೇ 900ಕ್ಕೂ ಹೆಚ್ಚು ಬಗೆಯ ಹಕ್ಕಿಗಳು ಕಂಡುಬಂದಿವೆ. ಒಂದು ಪಕ್ಕದಲ್ಲಿ ಪೆಸಿಫಿಕ್ ಸಾಗರ, ಇನ್ನೊಂದು ಪಕ್ಕದಲ್ಲಿ ಕೆರಿಬಿಯನ್ ಸಮುದ್ರ, ನಡುವೆ 3,800 ಮೀಟರಿಗೂ ಮೇಲೆ ಏರುವ ಪರ್ವತಗಳು. ಬೆಳಗ್ಗೆ ಒಣಕಾಡಿನಲ್ಲಿದ್ದ ವಿದ್ಯಾರ್ಥಿ ಸಂಜೆಗೆ ಮೋಡ ಕವಿದ ಬೆಟ್ಟದ ಕಾಡನ್ನು ಸೇರಬಹುದು.

1963ರಲ್ಲಿ ಅಮೆರಿಕದ ಕೆಲವು ವಿಶ್ವವಿದ್ಯಾನಿಲಯಗಳೂ ಕೋಸ್ಟರೀಕದ ವಿಶ್ವವಿದ್ಯಾನಿಲಯವೂ ಕೂಡಿ ಉಷ್ಣವಲಯದ ಅಧ್ಯಯನಕ್ಕಾಗಿ ಒಂದು ಸಂಸ್ಥೆಯನ್ನು ಕಟ್ಟಿದುವು. 1968ರಲ್ಲಿ ಆ ಸಂಸ್ಥೆ ಹೋಲ್ಡ್ರಿಜ್ ಎಂಬ ಅರಣ್ಯಶಾಸ್ತ್ರಜ್ಞರಿಂದ ಕೆರಿಬಿಯನ್ ಬದಿಯ ತಗ್ಗುನಾಡಿನಲ್ಲಿದ್ದ ತೋಟವನ್ನೂ ಅದಕ್ಕೆ ಸೇರಿದ ಕಾಡನ್ನೂ ಕೊಂಡುಕೊಂಡಿತು. ಅದರ ಹೆಸರು ಲಾ ಸೆಲ್ವಾ; ಸ್ಪ್ಯಾನಿಷ್ ಭಾಷೆಯಲ್ಲಿ ಕಾಡೆಂದೇ ಅರ್ಥ. ಈಗ ಅದರ ವಿಸ್ತಾರ ಸುಮಾರು 1,600 ಹೆಕ್ಟೇರು. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ. ಇದರಲ್ಲೇನು ವಿಶೇಷ, ಆಗುಂಬೆಯಲ್ಲಿ ಇದಕ್ಕಿಂತ ಹೆಚ್ಚು ಮಳೆ ಬೀಳುತ್ತದಲ್ಲ ಎಂದು ಮಲೆನಾಡಿನ ವಾಚಕರು ಕೇಳಬಹುದು. ವ್ಯತ್ಯಾಸವಿರುವುದು ಮೊತ್ತದಲ್ಲಲ್ಲ, ಹಂಚಿಕೆಯಲ್ಲಿ. ಆಗುಂಬೆಯ ಮಳೆಯ ಬಹುಭಾಗ ನಾಲ್ಕೈದು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಮಾಗಿ, ಬೇಸಗೆಗಳಲ್ಲಿ ನೆಲ ಒಣಗುತ್ತದೆ. ಲಾ ಸೆಲ್ವಾದಲ್ಲಿ ಮಳೆಯಿಲ್ಲದ ತಿಂಗಳೆಂಬುದೇ ಇಲ್ಲ. ನೆಲದ ಮೇಲಿನ ತರಗೆಲೆ ವರ್ಷವಿಡೀ ಒದ್ದೆಯಾಗಿರುತ್ತದೆ. ಚರ್ಮದ ಮೂಲಕವೂ ಉಸಿರಾಡುವ ಕಪ್ಪೆಗೆ ಇದಕ್ಕಿಂತ ಹಿತವಾದ ಮನೆ ಸಿಗಲಾರದು.

ಇಂಥ ಕಡೆಗೆ ಹೋದ ವಿದ್ಯಾರ್ಥಿಗೆ ಮೊದಲ ಪಾಠ ಶಾಸ್ತ್ರದ್ದಲ್ಲ. ಮೊಳಕಾಲಿನವರೆಗೆ ಬರುವ ರಬ್ಬರ್ ಬೂಟು ಹಾಕಿಕೊಳ್ಳಬೇಕು. ನೋಡದೆ ಮರದ ಬುಡದ ಮೇಲೆ ಕೈಯೂರಬಾರದು. ಅಲ್ಲಿ ವಿಷದ ಮಂಡಲಗಳಿವೆ. ಬಂದೂಕಿನ ಗುಂಡಿನ ಹೆಸರನ್ನೇ ಪಡೆದಿರುವ ಒಂದು ದಪ್ಪ ಇರುವೆಯೂ ಇದೆ. ಅದು ಕುಟುಕಿದರೆ ನೋವು ಒಂದು ದಿನವೆಲ್ಲ ಬಿಡುವುದಿಲ್ಲವಂತೆ. ಎರಡನೆಯ ಪಾಠ ಭಾಷೆ. ಅನೇಕ ಕಾರ್ಯಕ್ರಮಗಳಲ್ಲಿ ಕೆಲವು ವಾರ ವಿದ್ಯಾರ್ಥಿಗಳನ್ನು ಊರಿನ ಕುಟುಂಬಗಳಲ್ಲಿರಿಸುತ್ತಾರೆ. ಅನ್ನ ಮತ್ತು ಕಪ್ಪು ಹುರುಳಿಕಾಯಿಯ ಕಾಳನ್ನು ಬೆರೆಸಿದ ಊಟ ಬೆಳಗಿನಲ್ಲಿಯೂ ಉಂಟು. ನಮ್ಮ ವಿದ್ಯಾರ್ಥಿನಿಗೆ ಅದು ಮನೆಯ ಊಟದಂತೆಯೇ ಹಿಡಿಸಿತು. ಜೊತೆಯ ಅಮೆರಿಕದವರು ಕೆಲದಿನ ಮುಖ ಕಿವಿಚಿದರಂತೆ.

ಮೂರನೆಯ ಪಾಠದಿಂದ ಎಣಿಕೆ ಆರಂಭ. ಅದಕ್ಕೆ ಒಳ್ಳೆಯ ವಿಷಯ ಎಲೆ ಕತ್ತರಿಸುವ ಇರುವೆಗಳು. ಇವು ಎಲೆಯ ಚೂರುಗಳನ್ನು ಹೊತ್ತು ಸಾಲಾಗಿ ಗೂಡಿಗೆ ಸಾಗಿಸುತ್ತವೆ. ಎಲೆಯನ್ನೇ ಆಹಾರವಾಗಿ ಕೂಡಿಡುವುದಕ್ಕಲ್ಲ. ಅದನ್ನು ಅಗಿದು ಮೆತ್ತಗೆ ಮಾಡಿ ಅದರ ಮೇಲೆ ಒಂದು ಬಗೆಯ ಬೂಷ್ಟನ್ನು ಬೆಳೆಸುತ್ತವೆ. ಆ ಬೂಷ್ಟು ಅವುಗಳ ಮರಿಗಳಿಗೆ ಆಹಾರ. ದಾರಿಗೆ ಅಡ್ಡಲಾಗಿ ಒಂದು ಕಡ್ಡಿಯನ್ನಿಟ್ಟು, ಒಂದು ನಿಮಿಷದಲ್ಲಿ ಎಷ್ಟು ಇರುವೆ ಹೊರೆಯೊಡನೆ ದಾಟಿದುವೆಂದು ಎಣಿಸಿ ಎಂದು ಅಧ್ಯಾಪಕರು ಹೇಳುತ್ತಾರೆ. ಸುಲಭವೆನಿಸುತ್ತದೆ. ಮತ್ತೆ ಎಣಿಸಿದರೆ ಬೇರೆ ಸಂಖ್ಯೆ. ಹತ್ತು ಸಲ ಎಣಿಸಿದರೆ ಹತ್ತು ಬಗೆ. ಮಳೆ ಬಂದಾಗ ಸಾಗಣೆ ಕಡಿಮೆಯಾಯಿತೆಂದು ಹೇಳಬೇಕಾದರೆ, ಮಳೆಯಿಲ್ಲದಾಗಲೂ ಸಂಖ್ಯೆ ಎಷ್ಟು ಏರಿಳಿಯುತ್ತದೆಂಬುದು ಮೊದಲು ತಿಳಿದಿರಬೇಕು. ಲೋಲಕದ ಪ್ರಯೋಗದಲ್ಲಿ ಸರಾಸರಿ ತೆಗೆಯಿರೆಂದರೆ ಗೊಣಗುವ ನಮ್ಮ ಹುಡುಗರಿಗೆ ಈ ಇರುವೆಗಳನ್ನು ತೋರಿಸಬೇಕೆಂದು ನಮಗನಿಸಿತು.

ಕಪ್ಪೆಗಳ ಕೆಲಸ ಇದಕ್ಕಿಂತ ಕಷ್ಟದ್ದು. ಕಾಡಿನಲ್ಲಿ ಐದು ಮೀಟರು ಬದಿಯ ಚೌಕಗಳನ್ನು ಹಗ್ಗದಿಂದ ಗುರುತಿಸುತ್ತಾರೆ. ನಾಲ್ಕೂ ಬದಿಗಳಿಂದ ಮೊಳಕಾಲೂರಿ ಒಳಕ್ಕೆ ಸರಿಯುತ್ತ, ತರಗೆಲೆಯನ್ನು ಕೈಯಿಂದ ಒಂದೊಂದಾಗಿ ಎತ್ತಿ, ಕೆಳಗೆ ಕಪ್ಪೆಯುಂಟೆ ಎಂದು ನೋಡುತ್ತಾರೆ. ಎಷ್ಟೋ ಕಪ್ಪೆಗಳು ಹೆಬ್ಬೆರಳಿನ ಉಗುರಿಗಿಂತ ದೊಡ್ಡವಲ್ಲ. ಬಣ್ಣ ಒಣಗಿದ ಎಲೆಯದೇ. ಕೆಂಪು ಮೈ, ನೀಲಿ ಕಾಲುಗಳ ವಿಷಗಪ್ಪೆಯೊಂದು ಮಾತ್ರ ತನ್ನನ್ನು ತಾನೇ ಸಾರಿಕೊಳ್ಳುತ್ತದೆ. ಚೌಕವನ್ನು ಎಲ್ಲಿ ಹಾಕಬೇಕೆಂಬುದನ್ನು ವಿದ್ಯಾರ್ಥಿಯ ಇಷ್ಟಕ್ಕೆ ಬಿಡುವುದಿಲ್ಲ. ಬಿಟ್ಟರೆ ಕಪ್ಪೆ ಇರಬಹುದೆಂದು ತೋರುವ ತಂಪಾದ ಜಾಗವನ್ನೇ ಆರಿಸುತ್ತಾನೆ. ಕಾಡಿನ ತುಂಬ ಕಪ್ಪೆಗಳಿವೆಯೆಂಬ ತಪ್ಪು ಲೆಕ್ಕ ಬರುತ್ತದೆ. ಲಾಟರಿಯಂತೆ ಎತ್ತಿದ ಅಂಕಿಗಳು ಹೇಳಿದ ಕಡೆಯಲ್ಲಿಯೇ ಚೌಕ ಬೀಳಬೇಕು. ಅದು ಮುಳ್ಳಿನ ಪೊದೆಯಾದರೂ ಸರಿಯೆ. ಸೊನ್ನೆಗಳು ಬರುವುದು ಹೀಗೆ.

ಚೌಕ ಹಾಕಿ ಎಣಿಸಲು ಆಗದ, ಓಡಾಡುವ ಪ್ರಾಣಿಗಳಿಗೆ ಬೇರೊಂದು ಉಪಾಯವುಂಟು. ಇದನ್ನು ವಾಚಕರು ಮನೆಯಲ್ಲಿಯೇ ಮಾಡಿ ನೋಡಬಹುದು. ಒಂದು ಡಬ್ಬಿಯ ತುಂಬ ಹುಣಿಸೆಬೀಜ ತೆಗೆದುಕೊಳ್ಳಿ, ಎಷ್ಟಿವೆಯೆಂದು ಎಣಿಸಬೇಡಿ. ಅದರಿಂದ 50 ಬೀಜ ಹೊರತೆಗೆದು ಒಂದೊಂದಕ್ಕೂ ಸುಣ್ಣದ ಚುಕ್ಕೆಯಿಟ್ಟು, ಒಣಗಿದ ಮೇಲೆ ಡಬ್ಬಿಗೆ ಹಾಕಿ ಚೆನ್ನಾಗಿ ಕಲಸಿ. ಈಗ ನೋಡದೆ 60 ಬೀಜ ತೆಗೆಯಿರಿ. ಅವುಗಳಲ್ಲಿ ಚುಕ್ಕೆಯುಳ್ಳವು 6 ಎಂದಿಟ್ಟುಕೊಳ್ಳೋಣ. ಎಂದರೆ ತೆಗೆದುದರಲ್ಲಿ ಹತ್ತನೆಯ ಒಂದು ಭಾಗಕ್ಕೆ ಚುಕ್ಕೆಯಿದೆ. ಡಬ್ಬಿಯಲ್ಲಿಯೂ ಪ್ರಮಾಣ ಇದೇ ಆಗಿರಬೇಕು. ಚುಕ್ಕೆಯುಳ್ಳವು ಒಟ್ಟು 50. ಆದುದರಿಂದ ಬೀಜಗಳ ಸಂಖ್ಯೆ ಸುಮಾರು 500. ಡೆನ್ಮಾರ್ಕಿನ ಪೀಟರ್ಸನ್ ಎಂಬುವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೀನುಗಳಿಗೂ, ಅಮೆರಿಕದ ಲಿಂಕನ್ ಎಂಬುವರು 1930ರಲ್ಲಿ ಬಾತುಗಳಿಗೂ ಇದೇ ಲೆಕ್ಕವನ್ನು ಹಾಕಿದರು.

ಇಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿ ನಾವು ಒಂದು ಮಾತು ಸೇರಿಸದೆ ಇರಲಾರೆವು. ಆಕಸ್ಮಿಕವಾಗಿ ದೊರೆತ ಎಣಿಕೆಯ ಅನಿಶ್ಚಯ ಸುಮಾರಾಗಿ ಆ ಸಂಖ್ಯೆಯ ವರ್ಗಮೂಲದಷ್ಟಿರುತ್ತದೆ. ವಿಕಿರಣ ಕಣಗಳನ್ನು ಎಣಿಸುವವರಿಗೆ ಇದು ಗೊತ್ತು. 6ರ ವರ್ಗಮೂಲ 2.4. ಆದುದರಿಂದ ನಮಗೆ ಸಿಕ್ಕಿದ 6, ಇನ್ನೊಂದು ಸಲ 3 ಅಥವಾ 4 ಆಗಿರಬಹುದಿತ್ತು, 8 ಆಗಿರಬಹುದಿತ್ತು. ಉತ್ತರವೂ 360ರಿಂದ 830ರವರೆಗೆ ಹರಡಿಕೊಳ್ಳುತ್ತದೆ! ಇದಾದರೂ ಹುಣಿಸೆಬೀಜದ ಮಾತು. ಬೀಜ ಸಾಯುವುದಿಲ್ಲ, ಡಬ್ಬಿಯಿಂದ ಓಡಿಹೋಗುವುದಿಲ್ಲ, ಒಮ್ಮೆ ಹಿಡಿದುದಕ್ಕೆ ಹೆದರಿ ಎರಡನೆಯ ಸಲ ಅಡಗಿಕೊಳ್ಳುವುದೂ ಇಲ್ಲ. ಪ್ರಾಣಿಗಳು ಇವೆಲ್ಲವನ್ನೂ ಮಾಡುತ್ತವೆ. ವಿರಳವಾದ ಪ್ರಾಣಿ ಎರಡನೆಯ ಸಲ ಕೈಗೆ ಸಿಗುವುದೂ ವಿರಳ. ರಕ್ಷಣೆ ಯಾವುದಕ್ಕೆ ಅತ್ಯಗತ್ಯವೋ ಅದರ ಎಣಿಕೆಯೇ ಅತ್ಯಂತ ಅಸ್ಪಷ್ಟ.

ಹಾಗಾದರೆ ನಾಲ್ಕು ತಿಂಗಳು ಎಣಿಸಿ ಬಂದವಳ ಪುಸ್ತಕದಿಂದ ಏನು ಪ್ರಯೋಜನ? ಅದೊಂದನ್ನೇ ನೋಡಿದರೆ ಹೆಚ್ಚೇನೂ ಇಲ್ಲ. ಆದರೆ ಲಾ ಸೆಲ್ವಾದಲ್ಲಿ ಅದೊಂದೇ ಇಲ್ಲ. ಅಲ್ಲಿಯ ತರಗೆಲೆಯ ಕಪ್ಪೆಗಳನ್ನು 1970ರಿಂದಲೂ ಬೇರೆ ಬೇರೆಯವರು ಚೌಕ ಹಾಕಿ ಎಣಿಸುತ್ತ ಬಂದಿದ್ದರು. ಒಬ್ಬೊಬ್ಬರದು ಒಂದೊಂದು ಸಣ್ಣ ಪ್ರಶ್ನೆ. ಈ ಚದುರಿದ ಲೆಕ್ಕಗಳನ್ನು ಒಂದೆಡೆ ಕೂಡಿಸಿ ನೋಡಿದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಫಲಿತಾಂಶ ದಿಗಿಲು ಹುಟ್ಟಿಸುವಂತಹುದು. 35 ವರ್ಷಗಳಲ್ಲಿ ತರಗೆಲೆಯ ಕಪ್ಪೆಗಳು ಶೇಕಡ 75ರಷ್ಟು ಕಡಿಮೆಯಾಗಿದ್ದುವು. ಹಲ್ಲಿಗಳ ಜಾತಿಯವೂ ಬಹುಮಟ್ಟಿಗೆ ಹಾಗೆಯೇ. ಯಾರೂ ಮರ ಕಡಿಯದ, ಕಾವಲಿರುವ ಕಾಡಿನ ಮಾತಿದು. ಹವೆ ಬದಲಾದುದರಿಂದ ನೆಲದ ಮೇಲಿನ ತರಗೆಲೆಯ ಹೊದಿಕೆಯೇ ತೆಳುವಾಗಿರಬಹುದೆಂದು ಅವರು ಊಹಿಸಿದರು. ಕಾರಣ ಇದೇ ಎಂದು ಸಿದ್ಧವಾಗಿಲ್ಲ. ಕಾಡಿನೊಳಗೆ ದಿನವೂ ಓಡಾಡುತ್ತಿದ್ದವರ ಕಣ್ಣಿಗೆ ಈ ಇಳಿತ ಬಿದ್ದಿರಲಿಲ್ಲ. ವರ್ಷಕ್ಕೆ ನೂರಕ್ಕೆ ಮೂರೋ ನಾಲ್ಕೋ ಕಡಿಮೆಯಾದರೆ ಯಾರಿಗೆ ತಿಳಿಯುತ್ತದೆ? 1970ರ ಸುಮಾರಿನಲ್ಲಿ ಯಾರೋ ಮೊಳಕಾಲೂರಿ ಕುಳಿತು ಬರೆದಿಟ್ಟ ಅಂಕಿಗಳಿದ್ದುದರಿಂದ ತಿಳಿಯಿತು.

ನಮ್ಮ ವಿದ್ಯಾರ್ಥಿನಿಯ ಸೊನ್ನೆಗಳ ಅರ್ಥ ಈಗ ಬೇರೆಯಾಯಿತು. ಕಪ್ಪೆ ಸಿಗಲಿಲ್ಲವೆಂದು ಆ ಸಾಲುಗಳನ್ನು ಬರೆಯದೆ ಬಿಟ್ಟಿದ್ದರೆ, ಸಿಕ್ಕ ಚೌಕಗಳು ಮಾತ್ರ ಉಳಿದು, ಕಪ್ಪೆಗಳು ಮೊದಲಿನಷ್ಟೇ ಇವೆಯೆಂದು ಲೆಕ್ಕ ತೋರಿಸುತ್ತಿತ್ತು.

ಇಳಿತ ಯಾವಾಗಲೂ ಇಷ್ಟು ನಿಧಾನವಾಗಿಯೇ ಆಗುವುದೆಂದಿಲ್ಲ. ಅದೇ ದೇಶದ ಮಾಂಟೆವೆರ್ದೆ ಎಂಬ ಬೆಟ್ಟದ ಸಾಲಿನಲ್ಲಿ, ಮೋಡ ಮುಸುಕಿದ ಕೆಲವೇ ಚದರ ಕಿಲೋಮೀಟರು ಕಾಡಿನಲ್ಲಿ ಒಂದು ನೆಲಗಪ್ಪೆಯಿತ್ತು. ಗಂಡಿನ ಮೈ ಅಪ್ಪಟ ಕಿತ್ತಳೆಬಣ್ಣ. ಅದಕ್ಕೆ ಚಿನ್ನದ ಕಪ್ಪೆಯೆಂದೇ ಹೆಸರು. ವರ್ಷಕ್ಕೆ ಕೆಲವು ದಿನ ಮಾತ್ರ, ಮಳೆಗಾಲದ ಮೊದಲಲ್ಲಿ, ಮರದ ಬೇರುಗಳ ನಡುವಣ ನೀರುಗುಂಡಿಗಳಲ್ಲಿ ಮೊಟ್ಟೆಯಿಡಲು ಗುಂಪಾಗಿ ಸೇರುತ್ತಿದ್ದುವು. 1960ರ ದಶಕದಲ್ಲಿ ಜೇ ಸ್ಯಾವೇಜ್ ಎಂಬ ವಿಜ್ಞಾನಿ ಇದನ್ನು ಮೊದಲು ವರ್ಣಿಸಿದರು. ಇಂಥ ಬಣ್ಣ ನಿಜವೆಂದು ನಂಬಲು ಅವರಿಗೇ ಕಷ್ಟವಾಗಿತ್ತಂತೆ. 1987ರಲ್ಲಿ ಮಾರ್ತಾ ಕ್ರಂಪ್ ಎಂಬಾಕೆ ಎಣಿಸಿದಾಗ 1,500ಕ್ಕೂ ಹೆಚ್ಚು ಇದ್ದುವು. 1988ರಲ್ಲಿ ಅದೇ ಸ್ಥಳದಲ್ಲಿ ಕಂಡುದು ಒಂದು. 1989ರಲ್ಲಿ ಮತ್ತೆ ಒಂದು. ಆಮೇಲೆ ಇಂದಿನವರೆಗೆ ಯಾರೂ ಅದನ್ನು ಕಂಡಿಲ್ಲ. 2004ರಲ್ಲಿ ಈ ಪ್ರಭೇದವನ್ನು ಅಳಿದುಹೋದುವುಗಳ ಪಟ್ಟಿಗೆ ಸೇರಿಸಲಾಯಿತು. 1986–87ರ ಎಲ್ ನಿನ್ಯೋ ತಂದ ಒಣಹವೆ ಕಾರಣವೆಂದು ಕೆಲವರು, ಕಪ್ಪೆಯ ಚರ್ಮಕ್ಕೆ ಅಂಟುವ ಒಂದು ಶಿಲೀಂಧ್ರದ ರೋಗ ಕಾರಣವೆಂದು ಕೆಲವರು ವಾದಿಸುತ್ತಾರೆ. ಆ ರೋಗಾಣುವಿಗೆ ವಿಜ್ಞಾನಿಗಳು ಹೆಸರಿಟ್ಟುದೇ 1999ರಲ್ಲಿ. ಅಷ್ಟರಲ್ಲಿ ಪರೀಕ್ಷಿಸಲು ಕಪ್ಪೆಯೇ ಉಳಿದಿರಲಿಲ್ಲ.

ಎಣಿಕೆಯಿಂದ ರಕ್ಷಣೆಗೆ ಹೋಗುವ ದಾರಿ ಹೇಗೆ? ಒಂದು ಕಾಡನ್ನು ಕಡಿಯುತ್ತ ಹೋಗಿ ಹತ್ತನೆಯ ಒಂದು ಭಾಗ ಉಳಿಸಿದರೆ ಜೀವಿಜಾತಿಗಳೂ ಹತ್ತನೆಯ ಒಂದು ಭಾಗ ಉಳಿಯುತ್ತವೆಯೆ? ಹಾಗಲ್ಲ. ಅನೇಕ ಕಡೆಗಳ ಎಣಿಕೆಯಿಂದ ತಿಳಿದ ಸ್ಥೂಲ ನಿಯಮವೆಂದರೆ, ಜಾತಿಗಳ ಸಂಖ್ಯೆ ಸುಮಾರಾಗಿ ಕ್ಷೇತ್ರಫಲದ ನಾಲ್ಕನೆಯ ಮೂಲದಂತೆ ಬದಲಾಗುತ್ತದೆ. 10ರ ನಾಲ್ಕನೆಯ ಮೂಲ 1.78. ನೂರು ಜಾತಿಗಳಿದ್ದ ಕಾಡಿನ ಹತ್ತನೆಯ ಒಂದು ಭಾಗ ಉಳಿದರೆ ಕೊನೆಗೆ ಸುಮಾರು 56 ಉಳಿದಾವು. ಆದರೆ ನಷ್ಟ ಒಮ್ಮೆಗೇ ಆಗುವುದಿಲ್ಲ. ನೆರೆಯ ಪನಾಮಾದಲ್ಲಿ ಕಾಲುವೆಗಾಗಿ ನದಿಗೆ ಅಣೆಕಟ್ಟು ಹಾಕಿದಾಗ ಒಂದು ಗುಡ್ಡದ ಸುತ್ತ ನೀರು ನಿಂತು ಅದು ಬಾರೊ ಕೊಲೊರಾಡೊ ಎಂಬ ದ್ವೀಪವಾಯಿತು. ಕಾಲುವೆ ತೆರೆದುದು 1914ರಲ್ಲಿ. 1923ರಿಂದ ಅದು ರಕ್ಷಿತ ಪ್ರದೇಶ. ಅಲ್ಲಿ ಮರ ಕಡಿಯಲಿಲ್ಲ, ಬೆಂಕಿ ಹಾಕಲಿಲ್ಲ. ಆದರೂ ಮುಂದಿನ ಅರ್ಧ ಶತಮಾನದಲ್ಲಿ ನಲವತ್ತಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದ್ವೀಪದಿಂದ ಮಾಯವಾದುವು. ನೀರನ್ನು ದಾಟಿ ಬರಲಾರದ, ನೆಲದ ಬಳಿಯೇ ಬಾಳುವ ಹಕ್ಕಿಗಳಿಗೆ ಹೊರಗಿನಿಂದ ಹೊಸಬರ ಸೇರ್ಪಡೆ ನಿಂತುಹೋಗಿತ್ತು.

ಇಂಥ ಪಾಠಗಳಿಂದಲೇ ಲಾ ಸೆಲ್ವಾವನ್ನು ಒಂಟಿ ತುಂಡಾಗಿ ಬಿಡಬಾರದೆಂಬ ತೀರ್ಮಾನವಾಯಿತು. ಅದರ ದಕ್ಷಿಣಕ್ಕೆ ಬೆಟ್ಟದ ಮೇಲೆ 1978ರಲ್ಲಿ ಸ್ಥಾಪಿತವಾದ ಬ್ರೌಲಿಯೊ ಕರಿಯೊ ರಾಷ್ಟ್ರೀಯ ಉದ್ಯಾನವಿದೆ. 1986ರಲ್ಲಿ ನಡುವಣ ಕಾಡಿನ ಪಟ್ಟಿಯನ್ನು ಉದ್ಯಾನಕ್ಕೆ ಸೇರಿಸಿ ಎರಡನ್ನೂ ಜೋಡಿಸಿದರು. ಈಗ 35 ಮೀಟರು ಎತ್ತರದ ತಗ್ಗಿನಿಂದ 2,900 ಮೀಟರು ಎತ್ತರದ ಶಿಖರದವರೆಗೆ ಕಾಡು ಅವಿಚ್ಛಿನ್ನವಾಗಿದೆ. ಸಾವಿರ ಮೀಟರು ಏರಿದರೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಎಂದರೆ ಬುಡಕ್ಕೂ ತುದಿಗೂ 17 ಡಿಗ್ರಿಯ ಅಂತರ. ತಲೆಯ ಮೇಲೆ ಕೊಡೆಯಂತೆ ಜುಟ್ಟು ಬಿಚ್ಚುವ ಒಂದು ಕಪ್ಪು ಹಕ್ಕಿ ಬೆಟ್ಟದ ನಡುಮಟ್ಟದಲ್ಲಿ ಗೂಡು ಕಟ್ಟಿ, ಉಳಿದ ಕಾಲದಲ್ಲಿ ಹಣ್ಣು ಹುಡುಕಿಕೊಂಡು ತಗ್ಗಿಗೆ ಇಳಿಯುತ್ತದೆ. ಮೇಲಿನ ಕಾಡನ್ನೋ ಕೆಳಗಿನ ಕಾಡನ್ನೋ ಒಂದನ್ನೇ ಉಳಿಸಿದರೆ ಅದು ಉಳಿಯದು.

ಕಾಡಿನ ಗಡಿಯಾಚೆ ಅನಾನಸು, ಬಾಳೆಗಳ ದೊಡ್ಡ ತೋಟಗಳಿವೆ; ಅಲ್ಲಿ ದುಡಿಯುವ ಜನರಿದ್ದಾರೆ. ವಿದ್ಯಾರ್ಥಿಗಳನ್ನು ಅಲ್ಲಿಗೂ ಕರೆದೊಯ್ಯುತ್ತಾರೆಂಬುದು ನಮಗೆ ಮೆಚ್ಚಿಗೆಯಾದ ಸಂಗತಿ. 1940ರ ದಶಕದಲ್ಲಿ ಕೋಸ್ಟರೀಕದ ಮುಕ್ಕಾಲು ಭಾಗ ಕಾಡಿತ್ತು. ದನದ ಹುಲ್ಲುಗಾವಲಿಗಾಗಿ ಕಡಿದು 1980ರ ದಶಕದ ಹೊತ್ತಿಗೆ ಸುಮಾರು ಕಾಲುಭಾಗಕ್ಕೆ ಇಳಿದಿತ್ತು. ಇಂದು ಮತ್ತೆ ಅರ್ಧಕ್ಕಿಂತ ಹೆಚ್ಚಾಗಿದೆ. 1996ರ ಅರಣ್ಯ ಕಾನೂನು ಕಾಡನ್ನು ಕಡಿದು ಬೇರೆ ಬಳಕೆಗೆ ತರುವುದನ್ನು ನಿಷೇಧಿಸಿತು; 1997ರಿಂದ ಇಂಧನ ತೆರಿಗೆಯ ಒಂದಂಶವನ್ನು ತೆಗೆದು, ತನ್ನ ಜಮೀನಿನಲ್ಲಿ ಮರ ಉಳಿಸಿದ ರೈತನಿಗೆ ಸರಕಾರ ಹಣ ಕೊಡತೊಡಗಿತು. ದನದ ಮಾಂಸದ ಬೆಲೆ ಬಿದ್ದುದೂ ಕಾಡಿಗೆ ನೆರವಾಯಿತು. ಯಾವುದರ ಪಾಲು ಎಷ್ಟು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಮತ್ತೆ ಬೆಳೆದ ಕಾಡು ಹಳೆಯ ಕಾಡಿಗೆ ಸಮವಲ್ಲವೆಂಬುದನ್ನೂ ಮರೆಯುವಂತಿಲ್ಲ.

ಈ ಏರ್ಪಾಡಿನ ಬಗ್ಗೆ ನಮಗೊಂದು ಆಕ್ಷೇಪಣೆಯೂ ಇದೆ. ಶ್ರೀಮಂತ ದೇಶಗಳ ವಿದ್ಯಾರ್ಥಿಗಳು ಬಂದು ಎಣಿಸಿ, ಫಲವನ್ನು ಇಂಗ್ಲಿಷಿನಲ್ಲಿ ಬರೆದು ಹೊರಟುಹೋದರೆ, ಆ ಕಾಡಿನ ಪಕ್ಕದ ಶಾಲೆಯ ಹುಡುಗನಿಗೆ ಅದರಿಂದ ಏನು ತಿಳಿದಂತಾಯಿತು? ಇದು ಅಲ್ಲಿಯವರಿಗೂ ತೋರದ ಮಾತಲ್ಲ. ಕೋಸ್ಟರೀಕ 1998ರಲ್ಲಿ ಜೀವವೈವಿಧ್ಯದ ಕಾನೂನನ್ನು ಮಾಡಿತು. ನಮ್ಮ ದೇಶದಲ್ಲಿ 2002ರ ಕಾನೂನಿನಂತೆ, ಪರದೇಶದವರು ಸಂಶೋಧನೆಗಾಗಿ ಇಲ್ಲಿಯ ಜೀವಿಸಂಪತ್ತನ್ನು ಪಡೆಯಬೇಕಾದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಪ್ರಾಧಿಕಾರದ ಒಪ್ಪಿಗೆ ಬೇಕು. ಇಂಥ ವ್ಯಾಸಂಗಕ್ಕೆ ಹೋಗಬಯಸುವ ನಮ್ಮ ವಿದ್ಯಾರ್ಥಿಗಳು ಹೋಗುವ ಮೊದಲು ಎರಡನ್ನು ಕಲಿತಿರುವುದು ಲೇಸು: ಸಂಖ್ಯಾಶಾಸ್ತ್ರದ ಮೊದಲ ಪಾಠಗಳು ಮತ್ತು ಆತಿಥ್ಯ ನೀಡುವ ನಾಡಿನ ಭಾಷೆ. ಗಿಡಗಳ ಹೆಸರನ್ನು ಅಲ್ಲಿಯೇ ಕಲಿಯಬಹುದು.

ಅಷ್ಟು ದೂರ ಹೋಗಲಾಗದವರು ವ್ಯಥೆಪಡಬೇಕಾಗಿಲ್ಲ. ಬಾರೊ ಕೊಲೊರಾಡೊ ದ್ವೀಪದಲ್ಲಿ 1980ರ ದಶಕದ ಆರಂಭದಲ್ಲಿ ಹಬ್ಬೆಲ್ ಮತ್ತು ಫಾಸ್ಟರ್ ಎಂಬ ವಿಜ್ಞಾನಿಗಳು 1,000 ಮೀಟರು ಉದ್ದ, 500 ಮೀಟರು ಅಗಲದ 50 ಹೆಕ್ಟೇರು ಕಾಡನ್ನು ಗುರುತಿಸಿ, ಒಂದು ಸೆಂಟಿಮೀಟರು ದಪ್ಪವಿರುವ ಸಸಿಯಿಂದ ಹಿಡಿದು ಪ್ರತಿಯೊಂದು ಮರಕ್ಕೂ ಸಂಖ್ಯೆಯ ಬಿಲ್ಲೆ ಕಟ್ಟಿಸಿದರು. ಎರಡು ಲಕ್ಷಕ್ಕೂ ಹೆಚ್ಚು ಗಿಡಮರಗಳು, 300ರಷ್ಟು ಜಾತಿಗಳು! ಇದೇ ಬಗೆಯ, ಇದೇ ಅಳತೆಯ ಇನ್ನೊಂದು ತುಂಡು ನಮ್ಮ ಬಂಡೀಪುರಕ್ಕೆ ಹೊಂದಿಕೊಂಡಿರುವ ಮುದುಮಲೆಯಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಕುಮಾರ್ ಮತ್ತು ಅವರ ಸಂಗಡಿಗರು ಅದನ್ನು 1988ರಲ್ಲಿ ಆರಂಭಿಸಿದರು. ಅಲ್ಲಿ ಜಾತಿಗಳು ಎಪ್ಪತ್ತರ ಆಸುಪಾಸು ಮಾತ್ರ. ಆದರೆ ಪನಾಮಾದಲ್ಲಿಲ್ಲದ ಆನೆಯೂ ಕಾಳ್ಗಿಚ್ಚೂ ಇಲ್ಲಿಯ ಲೆಕ್ಕದಲ್ಲಿ ಬರುತ್ತವೆ. ಯಾವ ಮರ ಸತ್ತಿತು, ಯಾವ ಸಸಿ ಹೊಸದಾಗಿ ಸೇರಿತು ಎಂದು ವರ್ಷವರ್ಷವೂ ನೋಡುತ್ತಾರೆ. ಕೆಲವು ವರ್ಷಕ್ಕೊಮ್ಮೆ ಎಲ್ಲ ಮರಗಳ ದಪ್ಪವನ್ನೂ ಅಳೆಯುತ್ತಾರೆ. ವರ್ಷಕ್ಕೆ ವ್ಯಾಸದಲ್ಲಿ 3 ಮಿಲಿಮೀಟರು ಬೆಳೆದ ಮರದ ಸುತ್ತಳತೆ 9 ಮಿಲಿಮೀಟರಿಗಿಂತ ಕೊಂಚವೇ ಹೆಚ್ಚುತ್ತದೆ. ಅಳೆಯುವ ಪಟ್ಟಿ ಒಂದು ಗಂಟಿನ ಮೇಲೆ ಸರಿದರೆ ಇಡೀ ವರ್ಷದ ಬೆಳವಣಿಗೆ ಲೆಕ್ಕದಿಂದ ಹಾರಿಹೋಗುತ್ತದೆ. ಅದಕ್ಕಾಗಿಯೇ ಇಂಥ ಕಾಡುಗಳಲ್ಲಿ ಪಟ್ಟಿ ಸುತ್ತಬೇಕಾದ ಜಾಗಕ್ಕೆ ಬಣ್ಣದ ಗುರುತು ಹಾಕಿರುತ್ತಾರೆ.

ಇದನ್ನೆಲ್ಲ ಓದಿಕೊಂಡ ಮೇಲೆ ನಾವು ಆ ವಿದ್ಯಾರ್ಥಿನಿಗೆ ಪತ್ರ ಬರೆದು, ಪುಸ್ತಕದ ಲೆಕ್ಕ ಲಾ ಸೆಲ್ವಾದಲ್ಲಿಯೂ ಇದೆಯೆ ಎಂದು ವಿಚಾರಿಸಿದೆವು. ಮೂಲಪ್ರತಿಯನ್ನು ಅಲ್ಲಿಯೇ ಬಿಟ್ಟುಬಂದಿರುವುದಾಗಿಯೂ, ನಮಗೆ ತೋರಿಸಿದುದು ನಕಲೆಂದೂ ಉತ್ತರ ಬಂತು. ಸೊನ್ನೆಗಳನ್ನೂ ಸೇರಿಸಿದೆಯೆ ಎಂದು ಮತ್ತೊಮ್ಮೆ ಕೇಳಿದೆವು. ಒಂದೇ ಸಾಲಿನ ಉತ್ತರ: “ಒಂದನ್ನೂ ಬಿಟ್ಟಿಲ್ಲ, ಸಾರ್.”